ಭಾವನ ಮಗುಚಿದ ಕೋಟು

ಊರಿಗೆ ಊರೇ ಕೆಲಸ ಕಳೆದುಕೊಂಡು ಕೂತಿದ್ದ ಆ ಮೂರು ವರ್ಷ ನಮ್ಮ ದರ್ಜಿಗೆ ಮಾತ್ರ ಕೈತುಂಬ ಕೆಲಸ. ಪಾಪ, ಹೇಳಿಕೊಳ್ಳಲು ಅವನಿಗೇ ನಾಚಿಕೆ. ದೇಶದ ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಹಾಕಿದ್ದವು, ಗಿರಣಿಗಳು ನಿಂತಿದ್ದವು, ಹೊಸ ಬಟ್ಟೆ ಕೊಳ್ಳುವವರೇ ಇರಲಿಲ್ಲ. ಜನ ಹಳೆಯ ಕೋಟುಗಳನ್ನೇ ತಂದು ಮಗುಚಿಸಿಕೊಳ್ಳುತ್ತಿದ್ದರು. ಹೊಲಿಗೆಯನ್ನೆಲ್ಲ ಬಿಚ್ಚಿ, ಬಿಸಿಲು ಕಾಣದ ಒಳಮೈಯನ್ನು ಹೊರಕ್ಕೆ ತಿರುಗಿಸಿ ಮತ್ತೆ ಹೊಲಿದರೆ ಕೋಟು ಹೊಸದಾಗುತ್ತದೆ. ಒಂದೇ ತೊಂದರೆ, ಎಡಗಡೆಯಿದ್ದ ಎದೆಜೇಬು ಬಲಗಡೆಗೆ ಬಂದು ಬಡತನದ ಗುಟ್ಟು ರಟ್ಟು ಮಾಡುತ್ತದೆ. ಬೇರೆ ದರ್ಜಿಗಳು ಅದನ್ನು ಹಾಗೇ ಬಿಡುತ್ತಿದ್ದರು. ಇವನು ಬಿಡುವ ಆಸಾಮಿಯೇ? ಅದೇ ಕೋಟಿನ ಅಂಚಿನಿಂದ ಎಳೆ ಕಿತ್ತು, ಜೇಬಿನ ಸೀಳನ್ನು ನೇಯ್ದಂತೆ ಮುಚ್ಚಿ, ಎಡಗಡೆ ಹೊಸ ಜೇಬು ಕೂರಿಸುತ್ತಿದ್ದ. ಭೂತಗನ್ನಡಿ ಹಿಡಿದರೂ ಗೊತ್ತಾಗಬಾರದು ಎನ್ನುವುದು ಅವನ ಜಂಬ.

ಅಷ್ಟರಲ್ಲಿ ಹೊಸ ಸರ್ಕಾರ ಬಂತು. ಬಂದದ್ದೇ ತಡ, ಸುಧಾರಣೆಯೋ ಸುಧಾರಣೆ. ಕೆಲಸವಿಲ್ಲದವರಿಗೆ ಸೇತುವೆ ಕಟ್ಟುವ ದಿನಗೂಲಿ ಕೆಲಸ, ಅದಕ್ಕೊಂದು ಕಚೇರಿ, ಕಚೇರಿಗೊಂದು ನಿಯಮಾವಳಿ, ನಿಯಮಾವಳಿ ಕಾಯಲು ಒಬ್ಬ ತನಿಖಾಧಿಕಾರಿ. ದರ್ಜಿಯ ಭಾವ, ಅಂದರೆ ಅಕ್ಕನ ಗಂಡ, ಗಿರಣಿ ಮುಚ್ಚಿ ಮನೆಯಲ್ಲಿ ಕೂತು ಹತ್ತು ತಿಂಗಳಾಗಿತ್ತು. ಅಕ್ಕ ಮಕ್ಕಳಿಗೆ ಬಡಿಸಿ, ತನಗೆ ಹಸಿವಿಲ್ಲ ಅನ್ನುವುದನ್ನು ರೂಢಿ ಮಾಡಿಕೊಂಡಿದ್ದಳು. ಭಾವ ಅರ್ಜಿ ಹಿಡಿದು ಹೊರಡುವ ಮೊದಲೇ ದರ್ಜಿ ಅವನ ಕೋಟನ್ನು ಮಗುಚಿಕೊಟ್ಟ. ಜೀವಮಾನದಲ್ಲೇ ಅಂಥ ಕೆಲಸ ಮಾಡಿರಲಿಲ್ಲ.

ಒಂದೇ ಗಂಟೆಯಲ್ಲಿ ಭಾವ ಅಂಗಡಿಗೆ ವಾಪಸ್ಸು.

"ಹೊಸ ಕೋಟು ಹೊಲಿಸಿಕೊಳ್ಳೋರಿಗೆ ಕೆಲಸ ಇಲ್ವಂತೆ ಕಣಯ್ಯ. ಪಟ್ಟಿ ಇವತ್ತೇ ಮುಗಿಸ್ತಾರಂತೆ."

"ಮಗುಚಿದ್ದು ಅಂತ ಹೇಳ್ಬೇಕಿತ್ತು, ಭಾವ."

"ಹೇಳ್ದೆ. ತಿರುಗಿಸಿ ಮುರುಗಿಸಿ ಹುಡುಕಿದ್ರು. ನೀನು ಏನಾದ್ರೂ ಬಿಟ್ಟಿದ್ರೆ ತಾನೆ ಸಿಗೋದು?"

ನಿಜ ಹೇಳಬೇಕೆಂದರೆ ದರ್ಜಿಗೆ ಅರೆಗಳಿಗೆ ಖುಷಿಯೇ ಆಯಿತು. ಆಮೇಲೆ ಅಕ್ಕನ ಮುಖ ನೆನಪಾಗಿ ತನ್ನ ಮೇಲೇ ಸಿಟ್ಟು ಬಂತು. ಕತ್ತರಿ ಎತ್ತಿಕೊಂಡು, ಭಾವನನ್ನು ದರದರ ಎಳೆದುಕೊಂಡು ಕಚೇರಿಗೆ ಹೋದ.

ತನಿಖಾಧಿಕಾರಿ ಕನ್ನಡಕ ಏರಿಸಿ, "ಇಷ್ಟು ಚೆನ್ನಾಗಿ ಮಗುಚೋದು ಯಾರ ಕೈಲೂ ಆಗಲ್ಲ ಕಣ್ರೀ. ನಮ್ಮನೇಲೂ ಮಗುಚಿಸಿ ನೋಡಿದೀವಿ," ಎಂದರು.

ದರ್ಜಿಗೆ ಇಂಥ ಹೊಗಳಿಕೆ ಯಾವತ್ತೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಇಂಥ ಹೊತ್ತಿನಲ್ಲಿ. ಭಾವನ ಬಲ ಎದೆಯ ಮೇಲೆ ಕತ್ತರಿಯಿಟ್ಟ. ಭಾವ ಉಸಿರು ಬಿಗಿಹಿಡಿದ. ಮೂರು ದಿನ ಕೂತು ನೇಯ್ದ ಎಳೆಗಳನ್ನು ದರ್ಜಿ ಒಂದೊಂದಾಗಿ ಕತ್ತರಿಸಿದ. ಹಳೆಯ ಸೀಳು ಬಾಯಿಬಿಟ್ಟಿತು. ಸಾಲದೆಂದು ಒಳಗಿನ ಅಸ್ತರುಬಟ್ಟೆಯನ್ನೂ ಕಿತ್ತು, ಬಣ್ಣಗೆಟ್ಟ ಹಳೆಯ ಮೈ ತೋರಿಸಿದ. ಅಧಿಕಾರಿ ಬೆರಳಾಡಿಸಿ ನೋಡಿ, ಭಾವನ ಹೆಸರನ್ನು ಪಟ್ಟಿಗೆ ಸೇರಿಸಿದರು.

"ಬಿಚ್ಚಿ ಕೊಡಿ ಭಾವ, ಸಂಜೆಯೊಳಗೆ ಹೊಲಿದು ಕೊಡ್ತೀನಿ," ಎಂದ ದರ್ಜಿ, ಅಕ್ಕನ ಮನೆ ಮುಟ್ಟಿದ ಕೂಡಲೇ.

ಅಕ್ಕ ಅಡ್ಡ ನಿಂತಳು. "ತಿಂಗಳು ತಿಂಗಳೂ ತನಿಖೆ ಇದೆಯಂತೆ. ಅದಕ್ಕೆ ಸೂಜಿ ಗೀಜಿ ಹಾಕೀಯ, ಜೋಕೆ."

ಹೀಗಾಗಿ ಸೇತುವೆ ಮುಗಿಯುವ ತನಕ, ಅಂದರೆ ಭರ್ತಿ ಎರಡು ವರ್ಷ, ಭಾವ ದಿನಾ ಬೆಳಿಗ್ಗೆ ಅಸ್ತರು ಜೋತಾಡಿಸಿಕೊಂಡು ಅಂಗಡಿಯ ಮುಂದೆಯೇ ಹಾದು ಕೆಲಸಕ್ಕೆ ಹೋಗುತ್ತಿದ್ದ. ಗಿರಾಕಿಗಳು ಮುಖ ಸಿಂಡರಿಸಿ, "ಯಾರಪ್ಪಾ ಆ ಕೋಟು ಹೊಲಿದೋನು?" ಎಂದು ಕೇಳಿದರೆ, ದರ್ಜಿ ಯಂತ್ರದಿಂದ ತಲೆಯೆತ್ತದೆ, "ನಾನೇ," ಅನ್ನುತ್ತಿದ್ದ.