ಫೈಲ್ ಶಾಟ್‌ನಲ್ಲಿ ಅಪ್ಪನ ಕೈ

ಅಪ್ಪ ಟ್ರಾಫಿಕ್ ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಬ್ಯಾರಿಕೇಡ್ ಎಳೆಯುವಾಗ ಗಾಜು ಒಡೆಯುತ್ತದೆಂದು ವಾಚಿನ ಮುಖವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುವುದು ಅವರ ಅಭ್ಯಾಸ. ಆ ವಾಚೇ ಅವರನ್ನು ಹಿಡಿದುಕೊಟ್ಟಿತು.

ಅವರು ಶಿವಾಜಿನಗರದಲ್ಲಿ ಡ್ಯೂಟಿಯಲ್ಲಿದ್ದಾಗ ಒಂದು ಚಾನೆಲ್‌ನವರು ಚಿತ್ರ ತೆಗೆದುಕೊಂಡಿದ್ದರು. ಆಟೋದವನ ಲೈಸೆನ್ಸ್ ಇಸಿದುಕೊಳ್ಳಲು ಅಪ್ಪ ಕೈ ಚಾಚಿದ್ದಾರೆ, ಅಷ್ಟೇ. ಆದರೆ ರಾಜ್ಯದ ಯಾವ ಮೂಲೆಯಲ್ಲಿ ಯಾವ ಪೊಲೀಸಿನವನು ಲಂಚ ತಿಂದು ಸಿಕ್ಕಿಬಿದ್ದರೂ ಟಿವಿಯಲ್ಲಿ ಬರುವುದು ಇದೇ ಕೈ. ಹೊಸ ದೃಶ್ಯ ಸಿಗದಾಗ ಹಾಕುವ ಹಳೆಯದಕ್ಕೆ ಟಿವಿಯವರು ಫೈಲ್ ಶಾಟ್ ಅನ್ನುತ್ತಾರೆ. ಮರ್ಯಾದೆಗೆಂದು ಮುಖ ಮಸುಕು ಮಾಡಿ, ಕೈಯ ಸುತ್ತ ಕೆಂಪು ವೃತ್ತ ಎಳೆದಿರುತ್ತಾರೆ. ವೃತ್ತದೊಳಗೆ ಅಪ್ಪನ ವಾಚು ಹೊಳೆಯುತ್ತದೆ. ಮೊಸರನ್ನ ತಿಂದ ಕೋತಿ ಇನ್ನೆಲ್ಲೋ, ಬಾಯಿಗೆ ಒರೆಸಿಸಿಕೊಂಡ ಮೇಕೆ ನಮ್ಮಪ್ಪ.

ಕಗ್ಗದಾಸಪುರದ ನಮ್ಮ ಬೀದಿಯ ಬೇಕರಿಯಲ್ಲಿ ಸಂಜೆ ಟೀ ಕುಡಿಯುತ್ತ ಹರಟುವುದೇ ನಿವೃತ್ತಿಯ ನಂತರ ಅಪ್ಪನಿಗಿದ್ದ ಸುಖ. ಅಲ್ಲೂ ಒಂದು ಟಿವಿ ಇದೆ. ಒಂದು ಸಂಜೆ ಯಾರೋ ತಮಾಷೆಗೆ, ಸಾರ್ ನಿಮ್ಮ ಕೈ ಫೇಮಸ್ ಆಯ್ತು ಅಂದರಂತೆ. ಅಪ್ಪನೂ ನಕ್ಕರಂತೆ. ಮರುದಿನದಿಂದ ಮೊಣಕಾಲು ನೋವೆಂದು ಮನೆಯಲ್ಲೇ ಕೂತರು.

ನಾನು ಸಮಾಧಾನ ಹೇಳಬೇಕಿತ್ತು. ಊಟ ಬಡಿಸುತ್ತ ಕೇಳಿದ್ದು ಬೇರೆಯದನ್ನೇ. "ಅವತ್ತು ಇಸ್ಕೊಂಡಿದ್ದು ಬರೀ ಲೈಸೆನ್ಸ್ ತಾನೆ, ಅಪ್ಪ?"

ಅಪ್ಪ ಅನ್ನ ಕಲೆಸುತ್ತಿದ್ದ ಕೈ ತೆಗೆದು, ತೊಳೆಯಲು ಎದ್ದುಹೋದರು. ಅವರ ಸಂಬಳದಲ್ಲಿ ಓದಿದ ನಾನು ಅವರಿಗಿಂತ ಟಿವಿಯನ್ನು ಹೆಚ್ಚು ನಂಬಿದ್ದೆ. ಈ ನಾಚಿಕೆಯನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಅದೇ ಚಾನೆಲ್‌ನಲ್ಲಿ ಕಾಲೇಜಿನ ಗೆಳತಿಯೊಬ್ಬಳು ಕೆಲಸ ಮಾಡುತ್ತಾಳೆ. ಇಂದಿರಾನಗರದಲ್ಲಿ ಅವಳನ್ನು ಕಂಡು ವಿಷಯ ತಿಳಿಸಿದೆ. ಅದು ಯಾರ ಕೈ ಎಂದು ಅಲ್ಲಿ ಯಾರೂ ಕೇಳಿದವರೇ ಇಲ್ಲವಂತೆ. ಪಾಪ, ಪೇಚಾಡಿಕೊಂಡಳು. ತೆಗೆಸುತ್ತೇನೆ ಎಂದಳು, ಕೊಟ್ಟ ಮಾತಿಗೆ ತಪ್ಪಲಿಲ್ಲ.

ಮುಂದಿನ ಲಂಚದ ಸುದ್ದಿಗೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. ಈ ಸಲ ನಾನೇ ಅಪ್ಪನನ್ನು ಕರೆದು ಟಿವಿ ಮುಂದೆ ಕೂರಿಸಿದೆ. ರಸ್ತೆ ಬೇರೆ, ಕೈ ಬೇರೆ. ಕೆಂಪು ವೃತ್ತ ಮಾತ್ರ ಅದೇ.

"ನೋಡಿ ಅಪ್ಪ, ತೆಗೆಸ್ಬಿಟ್ಟೆ. ನಾಳೆಯಿಂದ ಬೇಕರಿಗೆ ಹೋಗಿ," ಎಂದೆ, ದೊಡ್ಡದಾಗಿ ಗೆದ್ದವಳಂತೆ.

ಅಪ್ಪ ಕನ್ನಡಕ ಹಾಕಿಕೊಂಡು ಟಿವಿಯ ಹತ್ತಿರ ಹೋದರು. ಆ ಕೈಯ ಕಿರುಬೆರಳು ಸೊಟ್ಟಗಿತ್ತು. ಹಲಸೂರಿನಲ್ಲಿ ತಮ್ಮ ಜೊತೆ ಡ್ಯೂಟಿ ಮಾಡಿದವನದು ಎಂದರು. ಜೀಪಿನ ಬಾಗಿಲಿಗೆ ಸಿಕ್ಕಿ ಮುರಿದದ್ದು, ಆಸ್ಪತ್ರೆಗೆ ಕರೆದುಕೊಂಡು ಹೋದವರು ಅಪ್ಪನೇ.

"ಅವನಿಗೂ ನಿನ್ ವಯಸ್ಸಿನ ಮಗಳಿದಾಳೆ ಕಣಮ್ಮ," ಎಂದರು. "ಅವಳಿಗೆ ಟಿವಿಯವ್ರು ಯಾರೂ ಗೊತ್ತಿಲ್ಲ."

ನಾನು ಟಿವಿ ಆರಿಸಿದೆ. ಮರುದಿನ ಅಪ್ಪ ಬೇಕರಿಗೆ ಹೋಗಲಿಲ್ಲ. ಮೊಣಕಾಲು ನೋವೆಂದು ಹೇಳಲೂ ಇಲ್ಲ.