ಗಂಗೂನ ಬಲಗಾಲ ಹೆಬ್ಬೆರಳು

ಭಾವಿಕೇರಿಯ ಗಂಗೂ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ತಲೆ ಮುಂದಾಗಿ ಬಂದ ನಾವೆಲ್ಲ ಏನು ಘನಕಾರ್ಯ ಸಾಧಿಸಿದೆವೋ ಗೊತ್ತಿಲ್ಲ, ಅವಳು ಮಾತ್ರ ಹುಟ್ಟಿದ ದಿನವೇ ಊರಿನ ಡಾಕ್ಟರಾಗಿಬಿಟ್ಟಳು. ಹಾಗೆ ಹುಟ್ಟಿದವರು ಬಲಗಾಲನ್ನು ಮೂರು ಸಲ ತಾಗಿಸಿದರೆ ಸೊಂಟದ ಉಳುಕು ಬಿಡುತ್ತದೆ ಎಂಬುದು ಈ ಕಡೆಯ ನಂಬಿಕೆ. ನಾಟಿ ಗದ್ದೆಯಲ್ಲಿ ಸೊಂಟ ಹಿಡಿದವರು, ಬೇಲೆಕೇರಿ ಬಂದರದಲ್ಲಿ ಭಾರ ಎತ್ತಿ ನೆಟ್ಟಗಾಗಲಾರದವರು, ಎಲ್ಲರೂ ಬಂದು ಅವಳ ಅಂಗಳದಲ್ಲಿ ಬೋರಲು ಮಲಗುತ್ತಿದ್ದರು. ಗಂಗೂ ಹೆಬ್ಬೆರಳಿನಿಂದ ಬೆನ್ನನ್ನು ಮೂರು ಸಲ ಮೆಲ್ಲಗೆ ಒತ್ತುವಳು. ಕೂಡಲೇ ಬಗ್ಗಿ, ಮಲಗಿದವರನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುವಳು. ಮನುಷ್ಯರಿಗೆ ಕಾಲು ತಾಗಿಸಿದ ತಪ್ಪು ಕಳೆಯಬೇಕಲ್ಲ!

ಇದನ್ನೆಲ್ಲ ಮೂಢನಂಬಿಕೆ ಎಂದು ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದು ಬೈಯುತ್ತಿದ್ದವರು ಶಾಂತಾರಾಮ ಮಾಸ್ತರು. ಆದರೆ ಒಂದು ಸಲ ನೀರಿನ ಕೊಡ ಎತ್ತಿದವರು ಬಗ್ಗಿದಲ್ಲೇ ಉಳಿದಾಗ, ಮಟಮಟ ಮಧ್ಯಾಹ್ನ ಗಂಗೂನ ಮನೆಯ ಹಿತ್ತಿಲ ಬಾಗಿಲಿಂದ ನುಸುಳಿ ಬಂದಿದ್ದರು. "ಗಂಗಕ್ಕಾ, ಯಾರಿಗೂ ಹೇಳಬೇಡ" ಎಂದು ಕೈ ಹಿಡಿದುಕೊಂಡಿದ್ದರು. ಗಂಗೂ ತನ್ನ ಗಂಡ ಬೀರನಿಗೂ ಹೇಳಲಿಲ್ಲ.

ಎಂಬತ್ತೇಳನೇ ಇಸವಿಯ ನಾಟಿಯ ಸಮಯ. ನೆನೆದ ಸಸಿಯ ಕಟ್ಟು ಎತ್ತುವಾಗ ಗಂಗೂನ ಸೊಂಟದಲ್ಲಿ ಚಳಕ್ ಎಂದಿತು. ಎರಡು ದಿನ ಕಳೆಯುವಷ್ಟರಲ್ಲಿ ಬಲ ಪೃಷ್ಠದಿಂದ ಹಿಮ್ಮಡಿಯವರೆಗೆ ಬೆಂಕಿ ಹತ್ತಿದಂಥ ನೋವು. ಕೂತರೂ ಕಷ್ಟ, ನಿಂತರೂ ಕಷ್ಟ, ಸೀನಿದರಂತೂ ಜೀವವೇ ಹೋದ ಹಾಗೆ. ಬೀರಾ ಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ಸೋತ.

"ಊರಿಗೆಲ್ಲಾ ಗುಣ ಮಾಡ್ದೆ. ಈಗ ನಿನ್ನ ಬೆನ್ನಿಗೆ ನೀನೇ ಒದ್ಕಳೂಕೆ ಆತದ್ಯಾ ಮಾರಾಯ್ತೀ?" ಎಂದ. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ಕಾಲು ಮುಂದಾಗಿ ಹುಟ್ಟಿದ ಇನ್ನೊಬ್ಬರನ್ನು ಹುಡುಕಬೇಕಾಯಿತು. ಕೇಳಿ ಕೇಳಿ ಸಿಕ್ಕವನು ಮಾಜಾಳಿಯ ಮಧುಕರ. ಬಲೆ ಎಳೆದು ಎಳೆದು ಬೆಳೆದ ಆಳು, ಬಾಗಿಲಲ್ಲಿ ನಿಂತರೆ ಮನೆ ಕತ್ತಲಾಗಬೇಕು. ಪಾಪ, ಅವನು ಯಾರಿಗೂ ಕಾಲು ತಾಗಿಸಿದವನಲ್ಲ. ಹುಟ್ಟಿದ್ದು ಮಾತ್ರ ಹಾಗೆ. ದೊಡ್ಡ ನೋವಿಗೆ ದೊಡ್ಡ ತುಳಿತವೇ ಬೇಕೆಂದು ತನ್ನಷ್ಟಕ್ಕೆ ಲೆಕ್ಕ ಹಾಕಿ, ಗಂಗೂನ ಸೊಂಟದ ಮೇಲೆ ಮೂರು ಸಲ ಹತ್ತಿ ಇಳಿದ. ಅವಳ ಕೂಗಿಗೆ ತೆಂಗಿನ ಮರದ ಕಾಗೆಗಳೆಲ್ಲ ಎದ್ದವು.

ಮರುದಿನ ಬೆಳಿಗ್ಗೆ ಎದ್ದು ಹೆಜ್ಜೆ ಇಟ್ಟರೆ ಬಲಪಾದ ಜೋತು ನೆಲಕ್ಕೆ ಎಳೆಯುತ್ತಿತ್ತು. ಹೆಬ್ಬೆರಳು ಎತ್ತಲು ಹೋದರೆ ಏಳಲಿಲ್ಲ. ಊರನ್ನೇ ಎಬ್ಬಿಸಿ ನಿಲ್ಲಿಸಿದ ಬೆರಳು!

ಸುದ್ದಿ ಕೇಳಿ ಮಾಸ್ತರು ಶಾಲೆಗೆ ರಜೆ ಹಾಕಿ, ಗಂಡ ಹೆಂಡತಿ ಇಬ್ಬರನ್ನೂ ಬಸ್ಸಿನಲ್ಲಿ ಕಾರವಾರಕ್ಕೆ ಕರೆದೊಯ್ದರು. ಹಿಂದಿನ ಸೀಟಿನಲ್ಲಿ ಅವಳನ್ನು ಉದ್ದಕ್ಕೆ ಮಲಗಿಸಿ, ದಾರಿಯುದ್ದಕ್ಕೂ ತಾವು ನಿಂತೇ ಇದ್ದರು. ಮೂಳೆ ಡಾಕ್ಟರು ಅವಳ ಹಿಮ್ಮಡಿ ಹಿಡಿದು ನೆಟ್ಟಗೆ ಕಾಲೆತ್ತಿದರು. ಗೇಣು ಏಳುವಷ್ಟರಲ್ಲಿ ಗಂಗೂ ಚೀರಿದಳು. ಡಾಕ್ಟರು ತನ್ನ ಪಾದ ಹಿಡಿದರಲ್ಲಾ ಎಂಬ ಸಂಕೋಚ ಒಂದು ಕಡೆ, ನೋವು ಒಂದು ಕಡೆ.

"ರೋಗ ಕಾಲಿನದ್ದಲ್ಲ ತಾಯಿ" ಎಂದರು ಡಾಕ್ಟರು. "ಬೆನ್ನಿನ ಮಣಿಗಳ ನಡುವಿನ ಮೆತ್ತೆ ಜಾರಿ ನರ ಒತ್ತುತ್ತಾ ಇದೆ. ಆರು ವಾರ ಹಲಗೆಯ ಮೇಲೆ ಮಲಗು. ಅಷ್ಟರೊಳಗೆ ಹೆಬ್ಬೆರಳು ಎದ್ದರೆ ಸರಿ. ಇಲ್ಲಾಂದ್ರೆ ಬೆಳಗಾವಿಗೆ ಹೋಗಿ ಬೆನ್ನು ಆಪರೇಷನ್ ಮಾಡಿಸಬೇಕು." ಬೆರಳಿನ ಮೇಲೆ ಬೆರಳಿಟ್ಟು ಒತ್ತಿ ಶಕ್ತಿ ನೋಡುವುದು ಹೇಗೆಂದು ಮಾಸ್ತರರಿಗೆ ತೋರಿಸಿಕೊಟ್ಟರು.

ಬೆನ್ನು ಕೊಯ್ದ ಮೇಲೆ ಮತ್ತೆ ಗದ್ದೆಗೆ ಇಳಿಯುವುದುಂಟೇ! ಕೆಸರಲ್ಲಿ ಕಾಲು ಊರದಿದ್ದರೆ ಗಂಗೂ ಗಂಗೂ ಅಲ್ಲ. ಮಲಗಿದಲ್ಲೇ ಅವಳು ಆ ಬೆರಳನ್ನು ಬೇಡಿಕೊಳ್ಳತೊಡಗಿದಳು.

ಹಲಗೆ ತಂದವನು ಯಾರೆಂದುಕೊಂಡಿರಿ? ಮಧುಕರ. ಹಳೆಯ ದೋಣಿಯದೊಂದು ಅಗಲ ಹಲಗೆಯನ್ನು ಬಸ್ಸಿನ ಮೇಲೆ ಹೇರಿಕೊಂಡು, ಮುಖ ಸಣ್ಣ ಮಾಡಿಕೊಂಡು ಬಂದ. "ಅಕ್ಕಾ, ನನ್ನಿಂದ ಹೀಗಾಯ್ತು" ಎಂದು ಹೆಂಗಸರ ಹಾಗೆ ಅತ್ತ. "ಅಳ್ಬೇಡಾ ತಮಾ, ನಾನೇ ಕರೆಸ್ದದ್ದು" ಎಂದು ಗಂಗೂ ಅವನಿಗೇ ಸಮಾಧಾನ ಹೇಳಬೇಕಾಯಿತು.

ಅವಳ ತುಂಡು ಗದ್ದೆಯಲ್ಲಿ ಉಳಿದಿದ್ದ ನಾಟಿಯನ್ನು ಹೆಂಗಸರು ಅರ್ಧ ದಿನದಲ್ಲಿ ಮುಗಿಸಿದರು. ದಿನಕ್ಕೊಂದು ಮನೆಯಿಂದ ಗಂಜಿ, ಸುಟ್ಟ ಒಣಮೀನು ಬಂತು. ಅವಳ ಬೆರಳಿಂದ ಒಂದು ಕಾಲದಲ್ಲಿ ಒತ್ತಿಸಿಕೊಂಡವರೇ ಮಗ್ಗುಲು ಬದಲಿಸಲು ಹೆಗಲು ಕೊಟ್ಟರು. ಗಂಗೂನ ಕಣ್ಣು ತುಂಬಿ ಬರುತ್ತಿತ್ತು. "ನಾ ಒಂದು ಬೆರಳು ತಾಗ್ಸಿದ್ದೆ ಅಷ್ಟೇಯಾ. ನೀವು ನನ್ನ ಎತ್ತಿ ಹಿಡದ್ರಿ. ಈ ಋಣ ಹ್ಯಾಂಗೆ ತೀರ್ಸ್ಲಿ?" ಎನ್ನುತ್ತಿದ್ದಳು. "ಬಾಯಿ ಮುಚ್ಕಂಡು ಮಲ್ಗೇ" ಎಂದು ಅವರು ಗದರುತ್ತಿದ್ದರು.

ದಿನಾ ಶಾಲೆಗೆ ಹೋಗುವ ಮುಂಚೆ ಮಾಸ್ತರು ಬಂದು ಬೆರಳು ಒತ್ತಿ ನೋಡುವರು. ಸುತ್ತ ಹತ್ತು ಮಂದಿ ಉಸಿರು ಬಿಗಿಹಿಡಿದು ನಿಲ್ಲುವರು. ಮೂರು ವಾರ ಅದು ಸತ್ತ ಹಾಗೆ ಬಿದ್ದಿತ್ತು. ನಾಲ್ಕನೆಯ ವಾರ ನೋವು ಮಂಡಿಯಿಂದ ಮೇಲಕ್ಕೆ ಸರಿಯಿತು, ನಿದ್ದೆ ಬಂತು. ಬೆರಳು ಏಳಲಿಲ್ಲ. ಐದನೆಯ ವಾರ ತುಸು ಅಲ್ಲಾಡಿತೋ ಇಲ್ಲವೋ ಎಂದು ಜನರಲ್ಲೇ ಜಗಳವಾಯಿತು. ಬೀರಾ ಬೆಳಗಾವಿಗೆ ಹೋಗಲು ಚೀಲ ತೆಗೆದಿಟ್ಟ.

ಆರನೆಯ ವಾರದ ಸೋಮವಾರ. ಮಾಸ್ತರು ಬೆರಳಿಟ್ಟು ಒತ್ತಿದರು.

"ಎತ್ತು ಗಂಗಕ್ಕಾ."

ಗಂಗೂ ಹಲ್ಲು ಕಚ್ಚಿದಳು. ಹೆಬ್ಬೆರಳು ಮೆಲ್ಲಗೆ ಎದ್ದು ಮಾಸ್ತರರ ಬೆರಳನ್ನು ಮೇಲಕ್ಕೆ ನೂಕಿತು. ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ ನೂಕಿತು.

"ಎದ್ದಿತ್ರೋ!" ಎಂದು ಬೀರಾ ಕಿರುಚಿದ.

ಮಾಸ್ತರು ಕನ್ನಡಕ ತೆಗೆದರು. ಎಲ್ಲರ ಎದುರಿಗೇ ಬಗ್ಗಿ, ಕೂಲಿ ಹೆಂಗಸಿನ ಆ ಹೆಬ್ಬೆರಳನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡರು.

"ನನ್ನ ಸೊಂಟ ಹಿಡದಾಗ ಇದೇ ಬೆರಳಿಂದ ಒತ್ತಿಸ್ಕಂಡಿದ್ದೆ. ಹಿತ್ತಿಲ ಬಾಗಿಲಿಂದ ಬಂದಿದ್ದೆ" ಎಂದರು.

"ಅಯ್ಯೋ ಮಾಸ್ತರೇ, ಮಂದಿ ನೋಡ್ತ್ರು!" ಗಂಗೂ ಗಾಬರಿಯಿಂದ ಕಾಲು ಎಳೆದುಕೊಳ್ಳಲು ಹೋದಳು.

"ನೋಡ್ಲಿ" ಎಂದರು ಮಾಸ್ತರು.