ತುಂಗಮ್ಮ ಬಡಿದು ನೋಡಿದ ಕುಕ್ಕರ್

೧೯೬೬ರ ನವೆಂಬರಿನ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಹೊಸನಗರದ ಬಳಿಯ ನಗರ ಎಂಬ ಊರಿನ ತುಂಗಮ್ಮ ತನ್ನ ಮನೆಯ ಜಗಲಿಯಲ್ಲಿ ಕೂತು ಒಂದು ಕಂಚಿನ ಪಾತ್ರೆಯನ್ನು ಐದು ಬೆರಳುಗಳ ತುದಿಯ ಮೇಲೆ ನಿಲ್ಲಿಸಿಕೊಂಡು, ಇನ್ನೊಂದು ಕೈಯ ಗೆಣ್ಣಿನಿಂದ ಅದರ ಅಂಚಿಗೆ ಬಡಿಯುತ್ತಿದ್ದಳು. ಪಾತ್ರೆ ತಂದ ಪುಷ್ಪಮ್ಮ ಎದುರಿಗೆ ನಿಂತಿದ್ದಳು. ಅದು ಅವಳ ಮಗಳ ಮದುವೆಗೆ ಕೊಂಡದ್ದು.

“ಸೀಸ ಸೇರಿಸಿದಾನೆ,” ಎಂದಳು ತುಂಗಮ್ಮ. “ಹತ್ತಾಣೆ ಕಂಚು. ಹೆಚ್ಚಿಲ್ಲ.”

ಅಪ್ಪಟವನ್ನು ಒಂದು ರೂಪಾಯಿ ಎಂದಿಟ್ಟುಕೊಂಡು ಇಷ್ಟಾಣೆ ಎನ್ನುವುದು ಅವಳ ಲೆಕ್ಕ. ತಾಮ್ರಕ್ಕೆ ತಕ್ಕಷ್ಟು ತವರ ಬಿದ್ದಿದ್ದರೆ ಕಂಚಿನ ದನಿ ಏಳುತ್ತದೆ, ನಿಲ್ಲುತ್ತದೆ, ನಿಧಾನವಾಗಿ ಇಳಿಯುತ್ತದೆ. ಸೀಸ ಬೆರೆಸಿದ್ದರೆ ಎದ್ದಲ್ಲೇ ಸಾಯುತ್ತದೆ. ಮೊಹರು ಯಾರು ಬೇಕಾದರೂ ಒತ್ತಬಹುದು, ದನಿಯನ್ನು ಒತ್ತಲಾಗದು ಎಂದು ಅವಳ ತಾಯಿ ಕಲಿಸಿದ್ದಳು. ಹೊಸನಗರ ಸೀಮೆಯಲ್ಲಿ ಮದುವೆಯ ಪಾತ್ರೆ ಕೊಳ್ಳುವವರು ಅವಳನ್ನು ಅಂಗಡಿಗೆ ಜೊತೆಯಲ್ಲಿ ಕರೆದೊಯ್ಯುತ್ತಿದ್ದರು. ಹನ್ನೆರಡಾಣೆ, ಹದಿಮೂರಾಣೆ ಎಂದು ಅವಳು ಹೇಳಿದ್ದೇ ಬೆಲೆ. ತನ್ನ ತಾಯಿಯ ಅನ್ನದ ಪಾತ್ರೆಗೂ ಅವಳು ಹದಿನೈದರ ಮೇಲೆ ಕೊಟ್ಟಿರಲಿಲ್ಲ.

ಪುಷ್ಪಮ್ಮ ಪಾತ್ರೆಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದಾಗ ಬಸ್ಸು ನಿಂತಿತು. ತುಂಗಮ್ಮನ ತಮ್ಮ ಮುಕುಂದಯ್ಯ ಇಳಿದು ಬಂದ. ಅವನ ಕೈಯಲ್ಲಿ ಒಂದು ಗೋಣಿಚೀಲವಿತ್ತು. ಅವನು ಕೂರಲಿಲ್ಲ.

“ಕುಕ್ಕರ್ ಒಡೀತು ಅಕ್ಕ. ಮಹಾಲಕ್ಷ್ಮಿಯ ಬಲಗಣ್ಣು ಹೋತು.”

ಮಹಾಲಕ್ಷ್ಮೀ ಅವನ ಒಬ್ಬಳೇ ಮಗಳು. ತಾಯಿ ಬೇಗ ತೀರಿಕೊಂಡದ್ದರಿಂದ ತುಂಗಮ್ಮನ ಕೈಯಲ್ಲೇ ಬೆಳೆದವಳು. ಹಿಂದಿನ ಮೇ ತಿಂಗಳಲ್ಲಿ ತೀರ್ಥಹಳ್ಳಿಯ ಮಂಜಯ್ಯನ ಮಗ, ಶಾಲಾ ಮಾಸ್ತರ ಹೂವಯ್ಯನಿಗೆ ಕೊಟ್ಟು ಮದುವೆ ಮಾಡಿದ್ದರು. ಪೇಟೆ ಮನೆ, ಪಂಪ್ ಸ್ಟವ್ ಇದೆ ಎಂದು ಕಂಚಿನ ಜೊತೆಗೆ ಒಂದು ಕುಕ್ಕರನ್ನೂ ಕೊಟ್ಟಿದ್ದರು. ಆ ಸೀಮೆಯಲ್ಲಿ ಆಗ ಅದಕ್ಕಿಂತ ದೊಡ್ಡಸ್ತಿಕೆಯ ಪಾತ್ರೆಯಿರಲಿಲ್ಲ.

ಒಡೆದದ್ದು ಹುರುಳಿ ಬೇಯಿಸುವಾಗ. ಸಿಪ್ಪೆ ಆವಿಯ ಕಂಡಿಗೆ ಕೂತಿರಬೇಕು. ಹುಡುಗಿ ಕತೆ ಪುಸ್ತಕ ಓದುತ್ತ ಮೈಮರೆತಳು, ಒಲೆ ನೋಡಲು ಬಾರದವಳು ಎಂದು ಮಂಜಯ್ಯ ಊರೆಲ್ಲ ಹೇಳುತ್ತಿದ್ದ. ಬರುವ ಭಾನುವಾರ ನಾಲ್ಕು ಜನ ಹಿರಿಯರನ್ನು ಕೂರಿಸಿ ಅವಳನ್ನು ತವರಿಗೆ ಕಳಿಸುವುದು ಎಂದಾಗಿತ್ತು.

ಮುಕುಂದಯ್ಯ ಚೀಲ ಬಿಚ್ಚಿದ. ಮುಚ್ಚಳದ ಅಂಚು ಕಾಗದದಂತೆ ಹರಿದು ಸುರುಟಿಕೊಂಡಿತ್ತು. ಮೇಲಿನ ಸಣ್ಣ ಬಿಲ್ಲೆ ಮಾತ್ರ ಹೊಸದರಂತೆ ಕೂತಿತ್ತು. ತುಂಗಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಮರುದಿನ ಚೀಲ ಹಿಡಿದು ಸಾಗರದ ಬಸ್ಸು ಹತ್ತಿದಳು.

ಪಾತ್ರೆ ಅಂಗಡಿಯ ಮಹಾಗಣಪತಿ ಅವಳನ್ನು ಕಂಡೊಡನೆ ಮಣೆ ಹಾಕಿಸಿದ. ಅವಳು ಚೀಲದಲ್ಲಿದ್ದದ್ದನ್ನು ಹೊರತೆಗೆದಿಟ್ಟಳು. ಮದುವೆಗೆ ಕೊಳ್ಳಲು ಬಂದ ದಿನ ಅವನು ಎರಡು ಕುಕ್ಕರ್ ಮುಂದಿಟ್ಟಿದ್ದ. ಎರಡಕ್ಕೂ ಒಂದೇ ಹೆಸರು, ಒಂದೇ ಚಿತ್ರ, ಒಂದೇ ಬೆಲೆ. ತುಂಗಮ್ಮ ಎರಡನ್ನೂ ಬಡಿದು ನೋಡಿದ್ದಳು. ಒಂದು ಟಕ್ ಎಂದು ನಿಂತಿತ್ತು, ಮತ್ತೊಂದು ಗುಂಯ್ ಎಂದು ಎಳೆದಿತ್ತು. ಎಳೆದದ್ದನ್ನು ಅವಳು ಆರಿಸಿದ್ದಳು. ಟಕ್ ಎಂದದ್ದು ಮಾರಾಟವಾಗದೆ ಅಟ್ಟದಲ್ಲೇ ಇತ್ತು, ಬಂದವರೆಲ್ಲ ಬಡಿದು ನೋಡಿ ಬಿಟ್ಟುಹೋಗಿದ್ದರು.

ಅವಳು ಅದನ್ನು ಕೆಳಗೆ ತರಿಸಿ ಎರಡನ್ನೂ ತಕ್ಕಡಿಗೆ ಹಾಕಿಸಿದಳು. ಒಡೆದದ್ದಿದ್ದ ತಟ್ಟೆ ಸರ್ರನೆ ಮೇಲೆದ್ದಿತು. ದಪ್ಪ ಅಲ್ಯೂಮಿನಿಯಂ ಮೆತ್ತಗಿರುತ್ತದೆ, ಅದರ ದನಿ ಬೇಗ ಅಡಗುತ್ತದೆ. ಹಳೇ ಚೂರುಪಾರು ಕರಗಿಸಿ ತೆಳ್ಳಗೆ ತಟ್ಟಿದ ತಗಡು ಗಡುಸಾಗಿ ಚೆನ್ನಾಗಿ ಮೊಳಗುತ್ತದೆ. ಕಂಚಿನಲ್ಲಿ ದನಿ ಬೆರಕೆಯನ್ನು ಹೇಳುತ್ತದೆ, ಇದರಲ್ಲಿ ಏನನ್ನೂ ಹೇಳುವುದಿಲ್ಲ. ಇನ್ನು ಆ ಬಿಲ್ಲೆ: ಬಿಸಿ ಮಿತಿಮೀರಿದರೆ ಅದರ ನಡುವಿನ ಲೋಹ ಕರಗಿ ಆವಿಗೆ ದಾರಿ ಬಿಡಬೇಕು. ಒಡೆದದ್ದರಲ್ಲಿ ಅಲ್ಲಿ ಬರಿಯ ಹಿತ್ತಾಳೆ ಬಡಿದು ಕೂರಿಸಿದ್ದರು.

“ಒಂದು ಕಂಪನಿ ಮಾಲು. ಇನ್ನೊಂದು ಸೈಕಲ್ ಮೇಲೆ ಬಂದೋನು ಕೊಟ್ಟಿದ್ದು,” ಎಂದ ಮಹಾಗಣಪತಿ, ತಕ್ಕಡಿಯನ್ನೇ ನೋಡುತ್ತ.

“ಗೊತ್ತಿತ್ತಾ ನಿಮಗೆ?”

“ಅನುಮಾನ ಇತ್ತು. ಅಂಗಡಿ ತುಂಬ ಜನರ ಮುಂದೆ ನೀವು ಅಷ್ಟು ದೊಡ್ಡ ಮಾತು ಆಡಿದ ಮೇಲೆ ಅಲ್ಲ ಅನ್ನಕ್ಕೆ ನಾನ್ಯಾರಮ್ಮ?”

ತೀರ್ಥಹಳ್ಳಿಗೆ ಬಂದು ಇದನ್ನು ಹೇಳಿ ಎಂದು ಅವಳು ಕೇಳಿಕೊಂಡಳು. ಅವನು ಬರಲೊಪ್ಪಲಿಲ್ಲ. ಒಳ್ಳೆಯ ಕುಕ್ಕರನ್ನು ಮಾತ್ರ ಚೀಲಕ್ಕೆ ಹಾಕಿಕೊಟ್ಟ. ಊರಿಗೆ ಮರಳುವ ಬಸ್ಸಿನಲ್ಲಿ ಅವಳು ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಾನು ಬಾಯಿ ಬಿಟ್ಟರೆ ಇನ್ನು ಯಾರೂ ತನ್ನನ್ನು ಕರೆಯುವುದಿಲ್ಲ, ಬಿಡದಿದ್ದರೆ ಹುಡುಗಿ ಬುದ್ಧಿಗೇಡಿ ಎನ್ನಿಸಿಕೊಂಡೇ ಬಾಳಬೇಕು. ಅಷ್ಟು ಅವಳಿಗೆ ಸ್ಪಷ್ಟವಿತ್ತು.

ಭಾನುವಾರ ಮಂಜಯ್ಯನ ನಡುಮನೆಯಲ್ಲಿ ಹಿರಿಯರು ಕೂತಿದ್ದರು. ಮಹಾಲಕ್ಷ್ಮೀ ಬಾಗಿಲ ಮರೆಯಲ್ಲಿ ನಿಂತಿದ್ದಳು, ಮುಖದ ಅರ್ಧಕ್ಕೆ ಬಿಳಿ ಬಟ್ಟೆ ಸುತ್ತಿತ್ತು. ತುಂಗಮ್ಮ ಒಡೆದದ್ದರ ಮುಚ್ಚಳ ತೆಗೆದಿಟ್ಟು, ಎರಡು ಪಾತ್ರೆಗಳನ್ನೂ ಬಟ್ಟೆಯ ಮರೆಯಲ್ಲಿ ಇಟ್ಟು ಬಡಿದಳು. ಯಾವುದು ಒಳ್ಳೇದು ಹೇಳಿ ಎಂದಳು.

“ಎಂತ ಕೇಳ್ತೀರಿ ತುಂಗಮ್ನೋರೆ, ಎರಡ್ನೇದು. ಮಗುವಿಗೂ ಗೊತ್ತಾಗತ್ತೆ,” ಎಂದ ಮಂಜಯ್ಯ. ಉಳಿದವರೂ ತಲೆಯಾಡಿಸಿದರು.

ಅವಳು ಬಟ್ಟೆ ಸರಿಸಿದಳು. ಎರಡನೆಯದು ಒಡೆದ ಕುಕ್ಕರಿನದು.

“ನಂಗೂ ಹಂಗೇ ಕೇಳಿಸ್ತು. ಆರಿಸಿದ್ದು ನಾನು. ಹುಡುಗಿ ಅಲ್ಲ.”

ಆಮೇಲೆ ತೂಗಿ ತೋರಿಸಿದಳು, ಕರಗದ ಬಿಲ್ಲೆಯನ್ನು ತೋರಿಸಿದಳು. ಹಿರಿಯರಲ್ಲೊಬ್ಬ, ಹಾಗಾದರೆ ಹುಡುಗಿಯದು ತಪ್ಪಿಲ್ಲ ಎಂದ. ಮಂಜಯ್ಯ ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

“ತಪ್ಪಿಲ್ಲ, ಒಪ್ತೀನಿ. ಆದ್ರೆ ಆ ಮುಖ ದಿನಾ ನೋಡಬೇಕಾದೋನು ನನ್ನ ಮಗ.”

ಹೂವಯ್ಯ ಗೋಡೆಯ ಕಡೆ ನೋಡುತ್ತಿದ್ದ. ಮಹಾಲಕ್ಷ್ಮೀ ಒಳಗೆ ಹೋಗಿ, ಅದಾಗಲೇ ಕಟ್ಟಿಟ್ಟಿದ್ದ ಟ್ರಂಕನ್ನು ತಾನೇ ಎತ್ತಿಕೊಂಡು ಬಂದಳು.

“ನಡೀರಿ ಅತ್ತೆಮ್ಮ,” ಎಂದಳು ತುಂಗಮ್ಮನಿಗೆ.

ಅವಳು ತುಂಗಮ್ಮನ ಜೊತೆ ನಗರದಲ್ಲೇ ಉಳಿದಳು. ಒಂದು ಕಣ್ಣಿನಲ್ಲೇ ಹೊಲಿಗೆ ಕಲಿತಳು. ಸೈಕಲ್ಲಿನವನು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ತುಂಗಮ್ಮ ಎಣಿಸಿದ್ದಕ್ಕೆ ತದ್ವಿರುದ್ಧವಾಗಿ ಜನ ಅವಳನ್ನು ಬಿಡಲಿಲ್ಲ, ಪಾತ್ರೆ ಹಿಡಿದು ಬರುತ್ತಲೇ ಇದ್ದರು. ಅವಳೇ ಬಡಿಯುವುದನ್ನು ಬಿಟ್ಟಳು. ಕುಕ್ಕರ್ ತಂದವರಿಗೆ ತಕ್ಕಡಿ ಕೊಟ್ಟಳು, ಬಿಲ್ಲೆಯನ್ನು ಉಗುರಿನಲ್ಲಿ ಕೆರೆದು ನೋಡಲು ಹೇಳಿಕೊಟ್ಟಳು. ಕಂಚು ತಂದವರನ್ನು ಹಾಗೆಯೇ ಕಳಿಸಿದಳು.

ಒಮ್ಮೆ ಪುಷ್ಪಮ್ಮ ಎರಡನೆಯ ಮಗಳ ಪಾತ್ರೆ ತಂದು ಹಟ ಹಿಡಿದಳು. ಕಂಚಿನ ವಿಷಯದಲ್ಲಿ ನಿಮ್ಮ ಕಿವಿ ತಪ್ಪಿಲ್ಲವಲ್ಲ, ಇದೊಂದಕ್ಕೆ ಎಷ್ಟಾಣೆ ಹೇಳಿ ಎಂದಳು. ಮಹಾಲಕ್ಷ್ಮೀ ಹೊಲಿಗೆ ಮಿಷನ್ ನಿಲ್ಲಿಸಿದಳು. ತುಂಗಮ್ಮ ಪಾತ್ರೆ ಮುಟ್ಟಲಿಲ್ಲ. ಸಾಗರದ ಅಂಗಡಿಯಲ್ಲಿ, ಜನ ತುಂಬಿದ್ದಾಗ, ಆ ಕುಕ್ಕರನ್ನು ಎತ್ತಿ ಹಿಡಿದು ತಾನು ಏನು ಹೇಳಿದ್ದೆನೆಂದು ಗೊತ್ತೇ ಎಂದು ಪುಷ್ಪಮ್ಮನನ್ನು ಕೇಳಿದಳು. ಪುಷ್ಪಮ್ಮ ಇಲ್ಲವೆಂದಳು.

“ಹದಿನಾರಾಣೆ.”